ವಿಳಾಸ ನಮ್ಮದು, ಪೆಟ್ಟಿಗೆ ಅವರದು: ಧಾರವಾಡದ ಒಂದು ಮನೆಯ ಇಮೇಲ್ ಪ್ರಕರಣ

ಈ ಮನೆಯಲ್ಲಿ ಇರುವವರು ಇಬ್ಬರು. ಇಬ್ಬರಿಗೂ ಸೇರಿ ಒಂದೇ ಇಮೇಲ್ ಇತ್ತು. ನನ್ನ ಮೌಶಿ ಧಾರವಾಡದ ಕಾಲೇಜೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಕಾಕಾ ಸಹಕಾರಿ ಬ್ಯಾಂಕಿನಲ್ಲಿದ್ದವರು. ಇಪ್ಪತ್ತು ವರ್ಷದ ಹಿಂದೆ ಮನೆಗೆ ಬ್ರಾಡ್‌ಬ್ಯಾಂಡ್ ಬಂದಾಗ ಕಂಪನಿಯವರು ಸಂಪರ್ಕದ ಜೊತೆಗೆ ಪುಕ್ಕಟೆ ಒಂದು ಇಮೇಲ್ ವಿಳಾಸ ಕೊಟ್ಟಿದ್ದರು. ಕಾಕಾ ಇಬ್ಬರ ಹೆಸರಿನ ಮೊದಲಕ್ಷರ ಕೂಡಿಸಿ ಅದನ್ನು ಮಾಡಿಸಿಕೊಂಡರು. ಪಿಂಚಣಿ, ಇಬ್ಬರ ಆದಾಯ ತೆರಿಗೆ, ಮ್ಯೂಚುವಲ್ ಫಂಡು, ಎಲ್‌ಐಸಿ, ಹೆಸ್ಕಾಂ ಬಿಲ್ಲು, ಮ್ಯೂನಿಕ್‌ನಲ್ಲಿರುವ ಮಗ ಕಳಿಸುವ ಟಿಕೆಟ್ಟು, ಎಲ್ಲವೂ ಆ ಒಂದೇ ವಿಳಾಸಕ್ಕೆ ಬಂದು ಬೀಳುತ್ತಿದ್ದವು. 2025ರ ಬೇಸಿಗೆಯಲ್ಲಿ ಕಂಪನಿ ನೋಟಿಸು ಕಳಿಸಿತು: ಇಮೇಲ್ ಸೇವೆ ನಿಲ್ಲಿಸುತ್ತಿದ್ದೇವೆ, ವರ್ಷಾಂತ್ಯದೊಳಗೆ ನಿಮ್ಮ ವ್ಯವಸ್ಥೆ ನೀವು ನೋಡಿಕೊಳ್ಳಿ.

ಇಂಥದ್ದು ನಮ್ಮಲ್ಲಿ ಹೊಸದೇನಲ್ಲ. 1995ರ ಆಗಸ್ಟ್ 15ರಂದು ಆಗಿನ ಸರಕಾರಿ ಕಂಪನಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದಾಗ ಇಮೇಲ್ ಎಂದರೆ ವಿಎಸ್‌ಎನ್‌ಎಲ್ ವಿಳಾಸವೇ. ಆಮೇಲೆ ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್, ಡೇಟಾಒನ್ ಬಂದವು. ಡಾಕ್ಟರು, ವಕೀಲರು, ಪ್ರೊಫೆಸರುಗಳೆಲ್ಲ ಅವನ್ನು ಲೆಟರ್‌ಹೆಡ್ಡಿನ ಮೇಲೆ ಅಚ್ಚು ಹಾಕಿಸಿಕೊಂಡರು. ಸಂಪರ್ಕ ಕೊಟ್ಟವರು ಬದಲಾದಂತೆ ವಿಳಾಸವೂ ಬದಲಾಗುತ್ತ ಹೋಯಿತು. ಜನ ಕಡೆಗೆ ಯಾಹೂ, ರೆಡಿಫ್, ಜಿಮೇಲ್‌ಗಳ ಕಡೆ ಹೊರಳಿದ್ದಕ್ಕೆ ಇದೂ ಒಂದು ಕಾರಣ.

ಮಗ ಮ್ಯೂನಿಕ್‌ನಿಂದ ಫೋನ್ ಮಾಡಿ, ಈ ಸಲ ನಮ್ಮದೇ ಡೊಮೇನ್ ತೊಗೊಂಡುಬಿಡೋಣ ಅಂದ. ಡೊಮೇನ್ ಎಂದರೆ ಇಮೇಲ್ ವಿಳಾಸದಲ್ಲಿ ‘ಅಟ್’ ಚಿಹ್ನೆಯ ಬಲಗಡೆ ಬರುವ ಹೆಸರು. ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ಕಂಪ್ಯೂಟರಿನ ಮುಂದೆ ಕೂತು ಮಾಡುವ ಭಾಗ ಒಂದು ಮಧ್ಯಾಹ್ನದ್ದು. ಉಳಿದ ಭಾಗ ಬ್ಯಾಂಕಿನ ಕೌಂಟರಿನಲ್ಲಿ, ಮನೆಯ ಕಪಾಟಿನಲ್ಲಿ, ಮತ್ತು “ನಮ್ಮ ನಂತರ ಇದನ್ನು ನೋಡಿಕೊಳ್ಳುವವರು ಯಾರು” ಎಂಬ ಪ್ರಶ್ನೆಯಲ್ಲಿ ಇತ್ತು. ಇಂಟರ್ನೆಟ್‌ನಲ್ಲಿ ಸಿಗುವ ಮಾರ್ಗದರ್ಶಿಗಳೆಲ್ಲ ಆ ಮಧ್ಯಾಹ್ನದ ಬಗ್ಗೆಯೇ ಇರುತ್ತವೆ. ಅದಕ್ಕೇ ಇಲ್ಲಿ ಉಳಿದದ್ದಕ್ಕೂ ಅಷ್ಟೇ ಜಾಗ ಕೊಟ್ಟಿದ್ದೇನೆ.

ಜಿಮೇಲ್ ಸಾಲದೇ?

ಮೊದಲ ಆಕ್ಷೇಪ ಕಾಕಾನದು: ಇಷ್ಟೆಲ್ಲ ಯಾಕೆ, ಇಬ್ಬರಿಗೂ ಒಂದೊಂದು ಜಿಮೇಲ್ ಮಾಡಿಕೊಟ್ಟರೆ ಮುಗಿಯಿತಲ್ಲ. ಮುಚ್ಚುಮರೆಯಿಲ್ಲದೆ ಹೇಳುವುದಾದರೆ ಹತ್ತರಲ್ಲಿ ಎಂಟು ಮನೆಗಳಿಗೆ ಅದೇ ಸರಿಯಾದ ಉತ್ತರ. ಖರ್ಚಿಲ್ಲ, ಸ್ಪ್ಯಾಮ್ ಸೋಸುವುದರಲ್ಲಿ ಅದು ಪಳಗಿದೆ, ಯಾವ ಗುಮಾಸ್ತನಿಗೂ ಅದರ ಸ್ಪೆಲ್ಲಿಂಗ್ ಹೇಳಿಕೊಡಬೇಕಾಗಿಲ್ಲ. ಎರಡು ವರ್ಷ ಮುಟ್ಟದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸಲು ಶುರುಮಾಡಿದೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಈ ಮನೆಯ ಲೆಕ್ಕ ಸ್ವಲ್ಪ ಬೇರೆ ಇತ್ತು. ವಿಳಾಸ ಕಳೆದುಕೊಳ್ಳುವ ತಾಪತ್ರಯ ಒಮ್ಮೆ ಕಣ್ಣೆದುರು ಬಂದಿತ್ತು. ಹೇಗೂ ಎಲ್ಲ ಕಡೆ ಹೋಗಿ ಬದಲಾಯಿಸಲೇಬೇಕು. ಬದಲಾಯಿಸುವ ಶ್ರಮ ಅಷ್ಟೇ ಇರುವಾಗ, ಮುಂದೆ ಮತ್ತೆ ಬದಲಾಯಿಸಬೇಕಾಗದ ವಿಳಾಸಕ್ಕೆ ಆ ಶ್ರಮ ಹಾಕುವುದು ಲೇಸು ಎಂದು ನನಗನ್ನಿಸಿತು.

ಇದು ಸಾಧ್ಯವಾಗುವುದು ಒಂದು ಹಳೆಯ ಏರ್ಪಾಟಿನಿಂದ. 1971ರಲ್ಲಿ ರೇ ಟಾಮ್ಲಿನ್ಸನ್ ಹೆಸರಿನ ಮುಂದೆ ‘ಅಟ್’ ಚಿಹ್ನೆ ಇಟ್ಟಾಗ ಅದರ ಬಲಗಡೆ ಇದ್ದದ್ದು ಒಂದು ಯಂತ್ರದ ಹೆಸರು. ಇಂಥವರು, ಇಂಥ ಕಂಪ್ಯೂಟರಿನಲ್ಲಿ ಎಂದರ್ಥ. 1986ರಲ್ಲಿ ಎಂಎಕ್ಸ್ ರೆಕಾರ್ಡಿನ ನಿಯಮ ಬಂದಮೇಲೆ ಬಲಗಡೆಯ ಹೆಸರಿಗೂ ಟಪಾಲು ಇಳಿಯುವ ಯಂತ್ರಕ್ಕೂ ಇದ್ದ ಗಂಟು ಬಿಚ್ಚಿಹೋಯಿತು. ಈ ಡೊಮೇನಿನ ಟಪಾಲನ್ನು ಯಾವ ಸರ್ವರಿಗೆ ಒಯ್ಯಬೇಕು ಎಂದು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನುಗಳ ಬಹಿರಂಗ ವಿಳಾಸಪಟ್ಟಿಯಲ್ಲಿ, ಒಂದು ಎಂಎಕ್ಸ್ ಸಾಲು ಬರೆದಿಟ್ಟರೆ ಲೋಕವೆಲ್ಲ ಅಲ್ಲಿಗೇ ಒಯ್ಯುತ್ತದೆ. ಸೇವೆ ಕೊಡುವವರು ಹಿಡಿಸಲಿಲ್ಲವೆಂದರೆ ಸಾಲು ತಿದ್ದಬೇಕು, ಅಷ್ಟೇ. ವಿಳಾಸ ಹಾಗೆಯೇ ಉಳಿಯುತ್ತದೆ.

ಇದರ ಬೆಲೆ ತಿಳಿಯಲು ಗೂಗಲ್‌ನದೇ ಒಂದು ಕಥೆ ನೋಡಬಹುದು. 2006ರಲ್ಲಿ ಅದು ಸ್ವಂತ ಡೊಮೇನ್ ಇದ್ದವರಿಗೆ ಪುಕ್ಕಟೆ ಮೇಲ್ ಸೇವೆ ಶುರುಮಾಡಿತು. 2012ರ ಡಿಸೆಂಬರಿನಲ್ಲಿ ಹೊಸಬರಿಗೆ ಬಾಗಿಲು ಹಾಕಿತು. 2022ರ ಜನವರಿಯಲ್ಲಿ ಹಳಬರೂ ದುಡ್ಡು ಕಟ್ಟಬೇಕೆಂದಿತು. ಗದ್ದಲವೆದ್ದ ಮೇಲೆ ಮನೆ ಬಳಕೆಯವರಿಗೆ ವಿನಾಯಿತಿ ಕೊಟ್ಟಿತು. ಆ ನಡುವಿನ ತಿಂಗಳುಗಳಲ್ಲಿ ಎಷ್ಟೋ ಮನೆಯವರು ಬೇರೆ ಸೇವೆಗೆ ಹೋದರು, ಅದೇ ವಿಳಾಸ ಹಿಡಿದುಕೊಂಡೇ ಹೋದರು. ಡೊಮೇನ್ ಅವರದಾಗಿದ್ದರಿಂದ ಯಾರಿಗೂ “ನನ್ನ ಇಮೇಲ್ ಬದಲಾಗಿದೆ” ಎಂದು ಪತ್ರ ಬರೆಯಬೇಕಾಗಲಿಲ್ಲ.

ನಮ್ಮ ಹತ್ತಿರದ್ದೇ ಇನ್ನೊಂದು ಉದಾಹರಣೆ. ಮಗ ಬಳಸುವ ಪ್ರೋಟಾನ್ ಮೇಲ್ ಅನ್ನೇ ಎಲ್ಲರಿಗೂ ಮಾಡೋಣ ಎಂಬ ಮಾತು ನಡೆದಿತ್ತು. ಅದೇ 2025ರ ಏಪ್ರಿಲ್ ಕೊನೆಯಲ್ಲಿ ಕರ್ನಾಟಕ ಹೈಕೋರ್ಟು, ಕಂಪನಿಯೊಂದು ಹೂಡಿದ ಅರ್ಜಿಯ ಮೇಲೆ, ಪ್ರೋಟಾನ್ ಮೇಲ್ ಅನ್ನು ದೇಶದಲ್ಲಿ ತಡೆಯಲು ಕ್ರಮ ಕೈಗೊಳ್ಳುವಂತೆ ಕೇಂದ್ರ ಸರಕಾರಕ್ಕೆ ನಿರ್ದೇಶಿಸಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಒಬ್ಬ ಬಳಕೆದಾರನಿಗೆ ಸಂಬಂಧವೇ ಇಲ್ಲದ ಯಾವುದೋ ತಕರಾರಿನಿಂದ ಇಡೀ ಸೇವೆ ಕಟಕಟೆಗೆ ಬರಬಹುದು ಎಂಬುದು ಮೌಶಿಗೆ ಆ ಸುದ್ದಿ ಓದಿಯೇ ಮನವರಿಕೆಯಾಯಿತು. ನಾನು ಹೇಳಿ ಆದದ್ದಲ್ಲ.

ಹೆಸರಿನ ಪಂಚಾಯ್ತಿ

ಹೆಸರು ಆರಿಸುವುದಕ್ಕೆ ಹಿಡಿದಷ್ಟು ಹೊತ್ತು ತಾಂತ್ರಿಕ ಕೆಲಸಕ್ಕೆ ಹಿಡಿಯಲಿಲ್ಲ. ಮನೆತನದ ಅಡ್ಡಹೆಸರು ಇಡೋಣ ಎಂದರೆ ಅದನ್ನು ಇಂಗ್ಲಿಷಿನಲ್ಲಿ ಕಾಕಾ ಒಂದು ರೀತಿ ಬರೆಯುತ್ತಾರೆ, ಮಗನ ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ ಇದೆ. ನಮ್ಮ ಹೆಸರುಗಳ ದೀರ್ಘವನ್ನು ಒಬ್ಬರು ಎರಡು ಅಕ್ಷರದಲ್ಲಿ ಬರೆದರೆ ಮತ್ತೊಬ್ಬರು ಒಂದರಲ್ಲೇ ಮುಗಿಸುತ್ತಾರೆ. ‘ವ’ಕಾರಕ್ಕೆ ಎರಡು ಇಂಗ್ಲಿಷ್ ಅಕ್ಷರಗಳ ನಡುವೆ ಜಗಳ. ಫೋನಿನಲ್ಲಿ ಹೇಳಿದಾಗ ಕೇಳುವವನು ಒಂದೇ ರೀತಿ ಬರೆದುಕೊಳ್ಳುವಂಥ ಹೆಸರು ಬೇಕು ಎಂಬುದೊಂದೇ ನಾನು ಹಾಕಿದ ಷರತ್ತು. ಅಡ್ಡಹೆಸರು ಅಲ್ಲಿಗೇ ಬಿದ್ದುಹೋಯಿತು. ಕಡೆಗೆ ಅವರ ಮೂಲ ಊರಿನ ಐದಕ್ಷರದ ಹೆಸರು ನಿಂತಿತು.

ಬಾಲ ಯಾವುದು ಎಂಬುದು ಮುಂದಿನ ಪ್ರಶ್ನೆ. ಮಗನಿಗೆ ಡಾಟ್ ಇಯು ಮೇಲೆ ಮನಸ್ಸು, ಜರ್ಮನಿಯಲ್ಲಿರುವ ಅವನಿಗೆ ಅದು ಸಿಗುತ್ತದೆ ಕೂಡ. ಆದರೆ ಆ ಅರ್ಹತೆ ವಾಸಕ್ಕೆ ಅಂಟಿಕೊಂಡದ್ದು. ಬ್ರೆಕ್ಸಿಟ್ ಆದಮೇಲೆ ಬ್ರಿಟನ್ನಿನಲ್ಲಿದ್ದವರ ಡಾಟ್ ಇಯು ಡೊಮೇನುಗಳನ್ನು 2021ರ ಆರಂಭದಿಂದ ಅಮಾನತಿನಲ್ಲಿಟ್ಟು ಆಮೇಲೆ ರದ್ದು ಮಾಡಿದರು. ನಾಳೆ ಅವನು ಹುಬ್ಬಳ್ಳಿಗೆ ವಾಪಸು ಬಂದರೆ ಅಪ್ಪ ಅಮ್ಮನ ಪಿಂಚಣಿ ಮೇಲ್ ಎಲ್ಲಿಗೆ ಹೋಗಬೇಕು? ಡಾಟ್ ಇನ್ ಅನ್ನು ನಮ್ಮ ದೇಶದ್ದೇ ಆದ ನಿಕ್ಸಿ ಎಂಬ ಸಂಸ್ಥೆ ನಡೆಸುತ್ತದೆ, 2005ರಿಂದ ಎಲ್ಲರಿಗೂ ಮುಕ್ತವಾಗಿದೆ, ನಮ್ಮ ಬ್ಯಾಂಕುಗಳ ಫಾರ್ಮುಗಳಿಗೆ ಅದು ಪರಿಚಿತ. ಅದನ್ನೇ ಕೊಂಡೆವು.

ಕನ್ನಡ ಲಿಪಿಯಲ್ಲೇ ‘.ಭಾರತ’ ಡೊಮೇನ್ ಸಿಗುತ್ತದೆ ಎಂದು ತಿಳಿದು ಕಾಕಾ ಸ್ವಲ್ಪ ಹೊತ್ತು ಖುಷಿಪಟ್ಟರು. ನನಗೂ ಆಸೆಯಿತ್ತು. ಕನ್ನಡದ ವಿಳಾಸಕ್ಕೆ ಮೇಲ್ ಹೋಗಬೇಕಾದರೆ ಕಳಿಸುವ ಕಡೆ, ಪಡೆಯುವ ಕಡೆ ಎರಡೂ ಸರ್ವರುಗಳು ಅದಕ್ಕೆಂದೇ 2012ರಲ್ಲಿ ಬಂದ ವಿಸ್ತರಣೆಯನ್ನು ಒಪ್ಪಬೇಕು. ಜಿಮೇಲ್ 2014ರಿಂದ ಇಂಥ ವಿಳಾಸಗಳ ಜೊತೆ ವ್ಯವಹರಿಸುತ್ತದೆ. ನಮ್ಮ ಮ್ಯೂಚುವಲ್ ಫಂಡಿನ ಫಾರ್ಮು ಇಂಗ್ಲಿಷ್ ಅಕ್ಷರವಲ್ಲದ್ದನ್ನು ಕಂಡರೆ ಕೆಂಪು ಗೆರೆ ಎಳೆಯುತ್ತದೆ. ಪತ್ರ ಬರೆಯಲು ಚೆಂದ, ಪಿಂಚಣಿಗೆ ಸಲ್ಲ ಎಂದು ಕೈಬಿಟ್ಟೆವು.

ಇಲ್ಲೇ ಮೌಶಿ ಕೇಳಿದ್ದು: “ಇದು ನಮ್ಮದಽ ಅಂತೀ, ಮತ್ತ ವರ್ಷಾ ವರ್ಷಾ ರೊಕ್ಕ ಯಾಕ ಕಟ್ಟೂದು?” ಡೊಮೇನನ್ನು ಯಾರೂ ಕೊಳ್ಳುವುದಿಲ್ಲ, ಹೆಚ್ಚೆಂದರೆ ಹತ್ತು ವರ್ಷದ ಮಟ್ಟಿಗೆ ನೋಂದಾಯಿಸಿಕೊಳ್ಳುತ್ತೇವೆ, ಅವಧಿ ಮುಗಿಯುವ ಮುಂಚೆ ನವೀಕರಿಸುತ್ತ ಹೋಗಬೇಕು ಎಂದೆ. “ಅಂದ್ರ ಲಾವಣಿ ಹಾಕಿಕೊಂಡ ಹೊಲ ಇದ್ದಂಗ ಅನ್ನು” ಅಂದಳು. ಲಾವಣಿ ಎಂದರೆ ನಮ್ಮ ಕಡೆ ಗೇಣಿ. ಅದಕ್ಕಿಂತ ಸರಿಯಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಲಾವಣಿಯ ದರದ ಬಗ್ಗೆ ಒಂದು ಎಚ್ಚರಿಕೆ. ಡೊಮೇನ್ ನೋಂದಾಯಿಸಿಕೊಡುವ ರಿಜಿಸ್ಟ್ರಾರುಗಳು ಮೊದಲ ವರ್ಷಕ್ಕೆ ಚಹಾ ಫಳಾರದ ದುಡ್ಡಿನಲ್ಲಿ ಕೊಟ್ಟು ಎರಡನೆಯ ವರ್ಷದಿಂದ ಪೂರ್ತಿ ದರ ಹೇಳುತ್ತಾರೆ. ನೋಡಬೇಕಾದ್ದು ನವೀಕರಣದ ದರ, ದೊಡ್ಡ ಅಕ್ಷರದಲ್ಲಿರುವ ದರವಲ್ಲ.

ಟಪಾಲು ಎಲ್ಲಿ ಇಳಿಯಬೇಕು

ಸ್ವಂತ ಡೊಮೇನ್ ಎಂದಕೂಡಲೇ ಸ್ವಂತ ಸರ್ವರ್ ಎಂದು ತಿಳಿಯುವವರು ಬಹಳ. ಕಂಪ್ಯೂಟರ್ ಓದಿದ ಮಗನಿಗೆ ಆ ಹುಮ್ಮಸ್ಸೂ ಇತ್ತು: ಮನೆಯಲ್ಲಿ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟು ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎಂಬ ಮೇಲ್ ಸರ್ವರ್ ತಂತ್ರಾಂಶಗಳನ್ನು ಓಡಿಸಿಬಿಡೋಣ. ಮೇಲ್ ಸರ್ವರುಗಳು ಪರಸ್ಪರ ಮಾತಾಡುವುದು 25ನೇ ಪೋರ್ಟು ಎಂಬ ಬಾಗಿಲಿನಲ್ಲಿ. ಮನೆಯ ಸಂಪರ್ಕಗಳಲ್ಲಿ ಅದನ್ನು ಬಹುಮಟ್ಟಿಗೆ ಮುಚ್ಚಿರುತ್ತಾರೆ. ಮನೆಗಳಿಗೆ ಹಂಚುವ ಐಪಿ ವಿಳಾಸಗಳ ಶ್ರೇಣಿಯನ್ನೇ ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆ ಒಂದು ಪಟ್ಟಿಯಲ್ಲಿಟ್ಟಿದೆ, ಅಲ್ಲಿಂದ ನೇರವಾಗಿ ಬರುವ ಮೇಲನ್ನು ಎಷ್ಟೋ ಸರ್ವರುಗಳು ಬಾಗಿಲಲ್ಲೇ ವಾಪಸು ಕಳಿಸುತ್ತವೆ. ಬಾಡಿಗೆ ಸರ್ವರ್ ಹಿಡಿದರೂ ಅಮೆಜಾನ್, ಗೂಗಲ್ ಕ್ಲೌಡುಗಳು 25ನೇ ಪೋರ್ಟಿನ ಹೊರಹೋಕನ್ನು ಮೊದಲಿಗೆ ಮುಚ್ಚಿಯೇ ಕೊಡುತ್ತವೆ. ಬೇರೆಡೆ ತೆರೆದು ಸಿಕ್ಕರೂ, ಆ ಐಪಿಯನ್ನು ಹಿಂದೆ ಯಾರು ಯಾವುದಕ್ಕೆ ಬಳಸಿದ್ದರೋ ಅದರ ಪಾಪ ನಮ್ಮ ತಲೆಗೆ. ಕಲಿಯಲು ಇದು ಸೊಗಸಾದ ಕೆಲಸ. ಎಪ್ಪತ್ತರ ಹತ್ತಿರದ ಇಬ್ಬರ ಪಿಂಚಣಿ ಓಟಿಪಿಯನ್ನು ಅದರ ಮೇಲೆ ನಿಲ್ಲಿಸುವುದು ಮಾತ್ರ ನನಗೆ ಒಪ್ಪಿಗೆಯಿರಲಿಲ್ಲ.

ಎರಡನೆಯ ದಾರಿ ಬರೇ ಫಾರ್ವರ್ಡಿಂಗ್. ಡೊಮೇನಿಗೆ ಬಂದದ್ದನ್ನು ಕ್ಲೌಡ್‌ಫ್ಲೇರ್‌ನಂಥವರು ಪುಕ್ಕಟೆಯಾಗಿ ನಿಮ್ಮ ಜಿಮೇಲಿಗೆ ದಾಟಿಸುತ್ತಾರೆ. ಪಡೆಯಲಷ್ಟೇ ಬೇಕಿದ್ದವರಿಗೆ ಇದು ಸಾಕು. ಹೊಸ ವಿಳಾಸದಿಂದಲೇ ಉತ್ತರ ಹೋಗಬೇಕೆಂದರೆ ಕಳಿಸುವುದಕ್ಕೆ ಬೇರೊಂದು ಏರ್ಪಾಟು ಬೇಕಾಗುತ್ತದೆ. ದಾಟಿಸುವಾಗ ಕಳಿಸಿದ ಸರ್ವರಿನ ಗುರುತು ಬದಲಾಗುವುದರಿಂದ ಕೆಲವು ಮೇಲ್‌ಗಳು ಅನುಮಾನಕ್ಕೂ ಸಿಗುತ್ತವೆ.

ಮೂರನೆಯದು ದುಡ್ಡು ಕೊಟ್ಟು ಪೆಟ್ಟಿಗೆ ಪಡೆಯುವುದು. ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365, ಫಾಸ್ಟ್‌ಮೇಲ್, ಜೋಹೋ ಎಲ್ಲ ಈ ಸಾಲಿನವು. ಐಫೋನ್ ಮನೆಗಳಿಗೆ ಐಕ್ಲೌಡ್ ಪ್ಲಸ್‌ನಲ್ಲೂ ಸ್ವಂತ ಡೊಮೇನ್ ಹಾಕಬಹುದು. ಈ ಮನೆಯಲ್ಲಿ ಐಫೋನ್ ಇಲ್ಲ. ಚೆನ್ನೈ ಮೂಲದ ಜೋಹೋದ ಪುಕ್ಕಟೆ ಯೋಜನೆಯಲ್ಲಿ ಐದು ಜನರವರೆಗೆ ಡೊಮೇನ್ ಮೇಲ್ ಸಿಗುತ್ತದೆ, ಆದರೆ ಬೇರೆ ತಂತ್ರಾಂಶದಲ್ಲಿ ಮೇಲ್ ತೆರೆದು ಓದಲು ಬೇಕಾದ ಐಮ್ಯಾಪ್ ಇಲ್ಲ. ಕಾಕಾ ಕಂಪ್ಯೂಟರಿನಲ್ಲಿ ಹಾಕಿಕೊಂಡ ಥಂಡರ್‌ಬರ್ಡ್ ತಂತ್ರಾಂಶ ಬಿಟ್ಟು ಬೇರೆಲ್ಲೂ ಮೇಲ್ ಓದುವವರಲ್ಲ. ಹೀಗಾಗಿ ಅದರ ಅತಿ ಅಗ್ಗದ ಸಶುಲ್ಕ ಯೋಜನೆಯಲ್ಲಿ ಇಬ್ಬರಿಗೆ ಎರಡು ಪೆಟ್ಟಿಗೆ ತೆಗೆದುಕೊಂಡೆವು.

ಇಲ್ಲಿ ಮಗನ ತಕರಾರು ಬಂತು: ನನ್ನ ಪೆಟ್ಟಿಗೆ ಈಗಿರುವ ಸೇವೆಯಲ್ಲೇ ಇರಲಿ, ವಿಳಾಸ ಮಾತ್ರ ಈ ಡೊಮೇನಿನದಿರಲಿ. ಇದು ಸಹಜವಾದ ಆಸೆ, ಆಗದ ಆಸೆ. ಎಂಎಕ್ಸ್ ರೆಕಾರ್ಡು ಡೊಮೇನಿಗೆ ಇರುವುದು, ವ್ಯಕ್ತಿಗಲ್ಲ. ಒಂದೇ ಡೊಮೇನಿನ ಮೂವರ ಟಪಾಲನ್ನು ಎರಡು ಕಂಪನಿಗಳಿಗೆ ಹಂಚಿ ಕಳಿಸಲು ಎಂಎಕ್ಸ್‌ನಲ್ಲಿ ಜಾಗವಿಲ್ಲ. ಸಬ್‌ಡೊಮೇನಿಗೆ ಮಾತ್ರ ತನ್ನದೇ ಎಂಎಕ್ಸ್ ಇರಬಹುದು. ಅವನ ವಿಳಾಸದಲ್ಲಿ ‘ಅಟ್’ ಆದಮೇಲೆ ಒಂದು ಚಿಕ್ಕ ಪದ, ಆಮೇಲೆ ಊರಿನ ಹೆಸರು ಬರುವಂತೆ ಸಬ್‌ಡೊಮೇನ್ ಮಾಡಿ ಅವನ ಸೇವೆಗೆ ತೋರಿಸಿದೆವು. ಉದ್ದವಾಯಿತು ಎಂದು ಗೊಣಗಿದ, ಒಪ್ಪಿಕೊಂಡ.

ಆ ಮಧ್ಯಾಹ್ನ

ಡಿಎನ್‌ಎಸ್ ಫಲಕದಲ್ಲಿ ಮೂರು ಎಂಎಕ್ಸ್ ಸಾಲು, ಮೂರು ಟಿಎಕ್ಸ್‌ಟಿ (ಬರೇ ಪಠ್ಯದ) ಸಾಲು; ಕೆಲಸ ಇಷ್ಟೇ. ತೊಡಕಾದದ್ದು ಎರಡು ಕಡೆ, ಎರಡೂ ಮಾರ್ಗದರ್ಶಿಗಳಲ್ಲಿ ಕಾಣಸಿಗದ ಸಂಗತಿ.

ಮೊದಲನೆಯದು, ರಿಜಿಸ್ಟ್ರಾರು ಡೊಮೇನ್ ಕೊಡುವಾಗಲೇ ತನ್ನ ಎಂಎಕ್ಸ್ ಒಂದನ್ನೂ ತನ್ನ ಎಸ್‌ಪಿಎಫ್ ಒಂದನ್ನೂ ತುಂಬಿಟ್ಟಿತ್ತು. ಎಂಎಕ್ಸ್‌ನಲ್ಲಿ ಅಂಕಿ ಚಿಕ್ಕದಾದಷ್ಟೂ ಸರದಿ ಮೊದಲು. ಜೋಹೋದ ಸಾಲುಗಳು 10, 20, 50, ರಿಜಿಸ್ಟ್ರಾರಿನದು 0. ಅದನ್ನು ಅಳಿಸದೆ ಬಿಟ್ಟಿದ್ದರೆ ಬಂದ ಟಪಾಲೆಲ್ಲ ಯಾರೂ ನೋಡದ ಕಡೆ ಹೋಗುತ್ತಿತ್ತು. ಅಳಿಸಿದಕೂಡಲೇ ಲೋಕಕ್ಕೆ ಗೊತ್ತಾಗುವುದೂ ಇಲ್ಲ. ಆ ಸಾಲಿನ ಟಿಟಿಎಲ್ 14,400 ಸೆಕೆಂಡು ಇತ್ತು, ಅಂದರೆ ಹಳೆಯದನ್ನು ಒಮ್ಮೆ ಕೇಳಿ ತಿಳಿದವರು ನಾಲ್ಕು ತಾಸು ಅದನ್ನೇ ನಂಬಿಕೊಂಡಿರಬಹುದು. ಎಸ್‌ಪಿಎಫ್‌ನದು ಇನ್ನೊಂದು ಬಗೆ. ಈ ಡೊಮೇನಿನ ಹೆಸರಲ್ಲಿ ಮೇಲ್ ಕಳಿಸಲು ಯಾವ ಸರ್ವರುಗಳಿಗೆ ಅಧಿಕಾರವಿದೆ ಎಂದು ಸಾರುವ ಸಾಲು ಅದು. ಒಂದು ಡೊಮೇನಿಗೆ ಅಂಥ ಸಾಲು ಒಂದೇ ಇರಬೇಕು. ಎರಡಿದ್ದರೆ ಎರಡೂ ಸರಿಯಿದ್ದರೂ ಪರೀಕ್ಷೆಯೇ ದೋಷವೆಂದು ನಿಂತುಬಿಡುತ್ತದೆ.

ಎರಡನೆಯ ತೊಡಕು ಡಿಕಿಮ್. ಕಳಿಸುವ ಸರ್ವರು ಪ್ರತಿ ಮೇಲಿಗೂ ಗುಪ್ತ ಕೀಲಿಯಿಂದ ಸಹಿ ಹಾಕುತ್ತದೆ. ಸಹಿಯನ್ನು ಒರೆಗೆ ಹಚ್ಚುವ ಬಹಿರಂಗ ಕೀಲಿ ಡಿಎನ್‌ಎಸ್‌ನಲ್ಲಿರುತ್ತದೆ. 2,048 ಬಿಟ್ಟಿನ ಕೀಲಿ ಬರೆದರೆ ನಾನ್ನೂರರ ಹತ್ತಿರ ಅಕ್ಷರವಾಗುತ್ತದೆ. ಟಿಎಕ್ಸ್‌ಟಿ ರೆಕಾರ್ಡಿನಲ್ಲಿ ಒಂದು ತುಂಡಿಗೆ 255ರ ಮಿತಿ. ಒಳ್ಳೆಯ ಫಲಕಗಳು ತಾವೇ ಎರಡು ತುಂಡು ಮಾಡಿಕೊಳ್ಳುತ್ತವೆ. ಈ ರಿಜಿಸ್ಟ್ರಾರಿನ ಫಲಕ 255ಕ್ಕೆ ಕತ್ತರಿಸಿ, ಉಳಿದದ್ದನ್ನು ಎಸೆದು, ‘ಯಶಸ್ವಿಯಾಗಿ ಉಳಿಸಲಾಗಿದೆ’ ಎಂದು ಹಸಿರು ಪಟ್ಟಿ ತೋರಿಸಿತು. ಕೀಲಿಯನ್ನು ಉದ್ಧರಣ ಚಿಹ್ನೆಗಳೊಳಗೆ ಎರಡು ತುಂಡಾಗಿ ಕೈಯಾರೆ ಹಾಕಿದ ಮೇಲೆ ಸಹಿ ಹೊಂದಿತು. ಇಂಥದ್ದನ್ನು ಕಂಡುಹಿಡಿಯಲು ಸುಲಭದ ದಾರಿ: ಯಾವುದಾದರೂ ಜಿಮೇಲಿಗೆ ಒಂದು ಮೇಲ್ ಕಳಿಸಿ, ಅಲ್ಲಿ ‘ಶೋ ಒರಿಜಿನಲ್’ ಒತ್ತಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೂ ‘ಪಾಸ್’ ಇದೆಯೇ ನೋಡಿ.

ಡಿಮಾರ್ಕ್ ಎಂದರೆ ಮೊದಲೆರಡು ಪರೀಕ್ಷೆಗಳಲ್ಲಿ ಬಿದ್ದ ಮೇಲನ್ನು ಏನು ಮಾಡಬೇಕೆಂದು ಡೊಮೇನಿನವರು ಹೇಳುವ ಸೂಚನೆ. ಮೊದಲು ‘ನನ್’ (ಏನೂ ಮಾಡಬೇಡಿ) ಎಂದಿಟ್ಟು ವರದಿ ಮಾತ್ರ ತರಿಸಿಕೊಂಡು, ಎಲ್ಲ ನೆಟ್ಟಗಿದೆ ಎಂದಾದ ಮೇಲೆ ‘ಕ್ವಾರಂಟೈನ್’ಗೆ (ಸ್ಪ್ಯಾಮಿಗೆ ಹಾಕಿ) ಏರಿಸುವುದು ಕ್ರಮ. ವರದಿಗಳು ದಿನಾ ಬರುವ ಜಿಪ್ ಕಡತಗಳು. ಅವನ್ನು ಬೇರೆ ಫೋಲ್ಡರಿಗೆ ತಿರುಗಿಸದಿದ್ದರೆ ವೈರಸ್ ಬಂತೆಂದು ಮನೆಯಲ್ಲಿ ಗಾಬರಿಯಾಗುತ್ತದೆ. ಗೂಗಲ್, ಯಾಹೂಗಳು 2024ರ ಫೆಬ್ರವರಿಯಲ್ಲಿ ಕಟ್ಟುನಿಟ್ಟು ಮಾಡಿದಾಗ ಮೂರೂ ಕಡ್ಡಾಯವಾದದ್ದು ರಾಶಿ ಮೇಲ್ ಕಳಿಸುವವರಿಗೆ, ಜಿಮೇಲಿನ ಲೆಕ್ಕದಲ್ಲಿ ದಿನಕ್ಕೆ 5,000 ಮತ್ತು ಮೇಲ್ಪಟ್ಟವರಿಗೆ. ಮನೆಯವರಿಗೆ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಿದ್ದರೂ ನಡೆಯುತ್ತದೆ. ಆದರೂ ಮೂರನ್ನೂ ಹಾಕಿ. ಹೊಸ ಡೊಮೇನಿಗೆ ಹೆಸರಿಲ್ಲ, ಕೆಟ್ಟ ಹೆಸರೂ ಇಲ್ಲ. ಮೊದಲ ಕೆಲವು ವಾರ ಮೌಶಿಯ ಮೇಲ್‌ಗಳು ಒಬ್ಬಿಬ್ಬರು ಗೆಳತಿಯರ ಸ್ಪ್ಯಾಮಿಗೆ ಬಿದ್ದವು. ಫೋನ್ ಮಾಡಿ ಹೊರತೆಗೆಸಿ, ಒಂದು ಉತ್ತರ ಬರೆಸಿದ ಮೇಲೆ ಸರಿಹೋಯಿತು.

ಹಳೆಯ ಮೇಲ್ ಸಾಗಿಸುವುದು ಅಂಜಿದಷ್ಟು ಕಷ್ಟವಾಗಲಿಲ್ಲ. ಕಾಕಾ ವರ್ಷಗಟ್ಟಲೆ ಪಾಪ್ ಎಂಬ ಹಳೆಯ ವಿಧಾನದಲ್ಲಿ ಥಂಡರ್‌ಬರ್ಡಿಗೆ ಇಳಿಸಿಕೊಂಡಿದ್ದರಿಂದ ಎಲ್ಲ ಮನೆಯ ಕಂಪ್ಯೂಟರಿನಲ್ಲೇ ಇತ್ತು. ಹೊಸ ಐಮ್ಯಾಪ್ ಖಾತೆ ಸೇರಿಸಿ ಫೋಲ್ಡರುಗಳನ್ನು ಎಳೆದು ಹಾಕಿದರೆ ಮುಗಿಯಿತು. ಒಂದು ವಿಚಿತ್ರ ಮಾತ್ರ ಉಳಿದಿದೆ. ಮೊದಮೊದಲ ವರ್ಷಗಳ ಕನ್ನಡ ಮೇಲ್‌ಗಳು ನುಡಿ, ಬರಹ ಫಾಂಟುಗಳಲ್ಲಿದ್ದು, ಈಗ ತೆರೆದರೆ ಇಂಗ್ಲಿಷ್ ಅಕ್ಷರ ಚೆಲ್ಲಾಡಿದಂತೆ ಕಾಣುತ್ತವೆ. ಯುನಿಕೋಡಿಗೆ ತಿರುಗಿಸುವ ಸಾಧನಗಳಿವೆ, ಮಳೆಗಾಲದ ಬಿಡುವಿನಲ್ಲಿ ಮಾಡುತ್ತೇನೆ ಎಂದು ಕಾಕಾ ಎತ್ತಿಟ್ಟಿದ್ದಾರೆ.

“ಜಿಮೇಲ್ ಅಲ್ರೀ?”

ನಿಜವಾದ ಕೆಲಸ ಇಲ್ಲಿಂದ. ಕಾಕಾ ಬ್ಯಾಂಕಿನವರ ಶಿಸ್ತಿನಲ್ಲಿ ನೋಟ್‌ಬುಕ್ಕಿಗೆ ಗೆರೆ ಹೊಡೆದು, ಆ ವಿಳಾಸ ಎಲ್ಲೆಲ್ಲಿ ಕೊಟ್ಟಿದ್ದಾರೋ ಬರೆದರು. ನೆನಪಿನಿಂದ ಬಂದದ್ದಕ್ಕಿಂತ ಹೆಚ್ಚು, ಇನ್‌ಬಾಕ್ಸನ್ನು ಕಳಿಸಿದವರ ಹೆಸರಿನ ಪ್ರಕಾರ ಜೋಡಿಸಿದಾಗ ಸಿಕ್ಕಿತು. ದುಡ್ಡಿಗೆ ಸಂಬಂಧಿಸಿದ್ದು ಮೊದಲು, ಸರಕಾರದ್ದು ಆಮೇಲೆ, ಅಂಗಡಿ ಮುಂಗಟ್ಟು ಕಡೆಗೆ. ಹಳೆಯ ಪೆಟ್ಟಿಗೆ ಜೀವದಿಂದಿರುವಾಗಲೇ ಇದು ಮುಗಿಯಬೇಕು. ಹಲವು ಕಡೆ ಬದಲಾವಣೆಗೆ ಹಳೆಯ ವಿಳಾಸಕ್ಕೇ ಓಟಿಪಿ ಹೋಗುತ್ತದೆ.

ಆದಾಯ ತೆರಿಗೆಯ ಜಾಲತಾಣದಲ್ಲಿ ಸಲೀಸಾಗಿ ಆಯಿತು. ಮ್ಯೂಚುವಲ್ ಫಂಡುಗಳ ದಾಖಲೆ ನೋಡಿಕೊಳ್ಳುವ ಕಂಪನಿಗಳಲ್ಲಿ ಕೆಲವು ಫಂಡು ಕ್ಯಾಮ್ಸ್ ಕಡೆ, ಕೆಲವು ಕೆಫಿನ್‌ಟೆಕ್ ಕಡೆ ಇದ್ದುದರಿಂದ ಎರಡೆರಡು ಸಲ ಅದೇ ಕೆಲಸ. ಇಬ್ಬರಿಗೂ ಒಂದೇ ವಿಳಾಸವಿದ್ದದ್ದು ಇಲ್ಲಿ ಕಾಡಿತು: ಯಾವ ಫೋಲಿಯೋ ಯಾರ ಹೆಸರಿನದು ಎಂದು ಬಿಡಿಸುವುದರಲ್ಲೇ ಅರ್ಧ ಹೊತ್ತು.

ಬ್ಯಾಂಕಿನ ಶಾಖೆಯೊಂದರಲ್ಲಿ ಮೌಶಿ ವಿಳಾಸ ಹೇಳಿದಳು, ‘ಅಟ್ ದ ರೇಟ್’ ಸಮೇತ. ಕೌಂಟರಿನ ಹುಡುಗ ಕೇಳಿದ, “ಜಿಮೇಲ್ ಅಲ್ರೀ?” ಅಲ್ಲ, ಊರ ಹೆಸರು, ಆಮೇಲೆ ಡಾಟ್ ಇನ್, ಅಷ್ಟೇ ಎಂದಳು. “ಹಂಗ ಇರೂದಿಲ್ರೀ ಮೇಡಂ” ಎಂದು ನಕ್ಕು ಅವನು ತನಗೆ ತಿಳಿದಂತೆ ಕೊನೆಗೆ ಜಿಮೇಲ್ ಸೇರಿಸಿದ. ಸ್ಟೇಟ್‌ಮೆಂಟು ಬಾರದಿದ್ದಾಗ ವಿಚಾರಿಸಿದರೆ ಅದು ಯಾರದೋ ಜಿಮೇಲಿಗೆ ಹೋಗಿತ್ತು. ಸ್ವಂತ ಡೊಮೇನಿನ ಖರ್ಚಿನಲ್ಲಿ ಇದನ್ನೂ ಹಿಡಿಯಬೇಕು, ಮತ್ತು ಇದು ಚಿಕ್ಕ ಖರ್ಚೇನಲ್ಲ. ಅಂದಿನಿಂದ ಮೌಶಿ ಬಾಯಲ್ಲಿ ಹೇಳುವುದನ್ನೇ ಬಿಟ್ಟಿದ್ದಾಳೆ. ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿದ ಚೀಟಿ ಪರ್ಸಿನಲ್ಲಿರುತ್ತದೆ, ಕೊಟ್ಟು, ಪರದೆ ತನ್ನ ಕಡೆ ತಿರುಗಿಸಿ ತೋರಿಸಲು ಹೇಳುತ್ತಾಳೆ.

ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಉಪವಿಳಾಸಗಳು. ಒಂದೇ ಪೆಟ್ಟಿಗೆಗೆ ಬೇಕಾದಷ್ಟು ಹೆಸರು ಕೊಡಬಹುದು. ಬ್ಯಾಂಕು, ತೆರಿಗೆಗೆ ಮಾತ್ರ ಕೊಡುವ ವಿಳಾಸವೊಂದನ್ನು ಮಾಡಿಕೊಂಡಳು. ಅದನ್ನು ಬೇರೆ ಯಾರಿಗೂ ಹೇಳಿಲ್ಲ. ‘ನಿಮ್ಮ ಖಾತೆ ಸ್ಥಗಿತವಾಗಿದೆ’ ಎಂಬ ಮೇಲ್ ಅವಳ ಸಾಮಾನ್ಯ ವಿಳಾಸಕ್ಕೆ ಬಂದರೆ ಓದುವ ಮೊದಲೇ ಸುಳ್ಳೆಂದು ಗೊತ್ತು. ಎಲ್ಲ ಹೆಸರಿಗೂ ಬಾಗಿಲು ತೆರೆದಿಡುವ ಕ್ಯಾಚ್‌ಆಲ್ ಅನ್ನು ನಾವು ಹಾಕಲಿಲ್ಲ, ಊರ ಕಸವೆಲ್ಲ ಅದರಲ್ಲಿ ಬರುತ್ತದೆ.

ಬೀಗದ ಕೈ ಯಾರ ಹತ್ತಿರ

ಡೊಮೇನ್ ಕೈತಪ್ಪಿದರೆ ಏನಾಗುತ್ತದೆ ಎಂಬುದನ್ನು ಮೊದಲೇ ಬಿಡಿಸಿ ಹೇಳಬೇಕಾಗಿತ್ತು, ಹೇಳಿದೆ. ಜಿಮೇಲ್ ವಿಳಾಸ ಅಳಿಸಿಹೋದರೆ ಅದನ್ನು ಗೂಗಲ್ ಮತ್ತೊಬ್ಬರಿಗೆ ಕೊಡುವುದಿಲ್ಲ. ಡೊಮೇನ್ ಹಾಗಲ್ಲ. ಅವಧಿ ಮುಗಿದು, ವಿನಾಯಿತಿಯ ದಿನಗಳೂ ಕಳೆದರೆ ಅದು ಮತ್ತೆ ಸಂತೆಗೆ ಬರುತ್ತದೆ. ಯಾರು ಬೇಕಾದರೂ ಕೊಂಡು, ಅದೇ ಹೆಸರಿನ ಪೆಟ್ಟಿಗೆ ತೆರೆದು, ನಿಮ್ಮ ಬ್ಯಾಂಕಿನ ಪಾಸ್‌ವರ್ಡ್ ಮರುಹೊಂದಿಸುವ ಮೇಲನ್ನು ತರಿಸಿಕೊಳ್ಳಬಹುದು. ಆದ್ದರಿಂದ ಒಮ್ಮೆ ಹಿಡಿದರೆ ಸುಮ್ಮನೆ ಬಿಡುವಂತಿಲ್ಲ. ಬಿಡಬೇಕೆಂದರೂ ಎಲ್ಲ ಖಾತೆಗಳನ್ನು ಬೇರೆಡೆ ಸಾಗಿಸಿ, ಆಮೇಲೂ ಕೆಲವು ವರ್ಷ ಹೆಸರನ್ನು ಕೈಯಲ್ಲಿಟ್ಟುಕೊಂಡಿರಬೇಕು. ಇದಕ್ಕೆ ತಯಾರಿಲ್ಲದವರು ಈ ದಾರಿ ಹಿಡಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ತಾನೇ ನವೀಕರಣವಾಗುವ ಆಟೋ ರಿನ್ಯೂ ನಂಬಿ ಕೂರುವುದು ನಮ್ಮ ದೇಶದಲ್ಲಿ ಇನ್ನೂ ಅಪಾಯ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂದಮೇಲೆ, ಕಾರ್ಡಿನಿಂದ ಮತ್ತೆ ಮತ್ತೆ ಹಣ ಕಡಿತವಾಗಲು ಮೊದಲೇ ದೃಢೀಕರಿಸಿದ ಒಪ್ಪಿಗೆ ಬೇಕು, ಪ್ರತಿ ಕಡಿತಕ್ಕೆ 24 ತಾಸು ಮುಂಚೆ ಸೂಚನೆ ಬರಬೇಕು. ಈ ಏರ್ಪಾಟಿಲ್ಲದ ವಿದೇಶಿ ರಿಜಿಸ್ಟ್ರಾರುಗಳ ಕಡಿತ ನಮ್ಮ ಕಾರ್ಡುಗಳಲ್ಲಿ ತಿರಸ್ಕೃತವಾಗುತ್ತದೆ. ಕಾರ್ಡಿನ ಅವಧಿ ಮುಗಿದರಂತೂ ಯಾವ ರಿಜಿಸ್ಟ್ರಾರಾದರೂ ಅಷ್ಟೇ. ನಾವು ಹತ್ತು ವರ್ಷದ ದುಡ್ಡು ಒಮ್ಮೆಗೇ ಕಟ್ಟಿದೆವು. ಮೌಶಿಗೆ ಅದು ದುಬಾರಿ ಎನ್ನಿಸಲಿಲ್ಲ, ಹಿಂದಿನ ದೀಪಾವಳಿಯ ಸೀರೆಯ ಲೆಕ್ಕ ಹೇಳಿ ನಕ್ಕಳು.

ರಿಜಿಸ್ಟ್ರಾರಿನ ಖಾತೆಗೆ ಯಾವ ಇಮೇಲ್ ಕೊಡಬೇಕು ಎಂಬುದು ಚಿಕ್ಕ ವಿಷಯದಂತೆ ಕಾಣುತ್ತದೆ. ಅದೇ ಡೊಮೇನಿನ ವಿಳಾಸ ಕೊಟ್ಟರೆ, ಡೊಮೇನ್ ನಿಂತ ದಿನ ‘ನಿಮ್ಮ ಡೊಮೇನ್ ನಿಂತಿದೆ’ ಎಂಬ ಸೂಚನೆಯೂ ಅಲ್ಲಿಗೇ ಹೋಗಿ ಸಾಯುತ್ತದೆ. ಅದಕ್ಕೆ ಹೊರಗಿನ ವಿಳಾಸವೊಂದನ್ನು ಕೊಟ್ಟೆವು. ಜಿಮೇಲ್ ಬೇಡವೆಂದು ಹೊರಟವರು ಒಂದು ಜಿಮೇಲ್ ಮಾಡಲೇಬೇಕಾದದ್ದು ಹೀಗೆ.

ನೋಂದಣಿ ಯಾರ ಹೆಸರಲ್ಲಿ? ತಾಂತ್ರಿಕವಾಗಿ ನೋಡಿಕೊಳ್ಳುವವನು ಮಗ, ಆದ್ದರಿಂದ ಅವನ ಹೆಸರಲ್ಲೇ ಇರಲಿ ಎಂದು ಕಾಕಾ. ನಾನು ಒಪ್ಪಲಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಡೊಮೇನ್ ಅವರದು. ಹೆಚ್ಚು ಕಳೆದುಕೊಳ್ಳುವವರು ಯಾರೋ ಅವರ ಹೆಸರಿನಲ್ಲಿರುವುದು ಮೇಲು. ಮೌಶಿಯ ಹೆಸರಲ್ಲಾಯಿತು. ಠೇವಣಿಗೆ ಇರುವಂಥ ನಾಮಿನಿ ಕಾಲಮ್ಮು ಡೊಮೇನಿಗಿಲ್ಲ ಎಂದು ತಿಳಿದಾಗ ಕಾಕಾನ ಹಳೆಯ ಬ್ಯಾಂಕ್ ಬುದ್ಧಿ ಜಾಗೃತವಾಯಿತು. ಒಂದು ಹಾಳೆಯಲ್ಲಿ ರಿಜಿಸ್ಟ್ರಾರಿನ ಹೆಸರು, ಲಾಗಿನ್, ಎರಡನೇ ಹಂತದ ದೃಢೀಕರಣದ ಮರುಪ್ರವೇಶ ಸಂಕೇತಗಳು, ಮೇಲ್ ಸೇವೆಯ ಖಾತೆ, ಅವಧಿ ಮುಗಿಯುವ ತಾರೀಖು ಬರೆದು, ಠೇವಣಿ ರಸೀದಿಗಳ ಜೊತೆ ಲಾಕರಿನಲ್ಲಿಟ್ಟರು. ಅದರ ಇನ್ನೊಂದು ಪ್ರತಿ ಮಗನ ಹತ್ತಿರ ಇದೆ. ಮೇಲ್ ಸೇವೆಯ ದುಡ್ಡು ವರ್ಷಕ್ಕೊಮ್ಮೆ ಕಟ್ಟಬೇಕಾದ್ದರಿಂದ ಅದನ್ನು ಮನೆ ಪಟ್ಟಿ ಕಟ್ಟುವ ತಿಂಗಳಿಗೆ ಹೊಂದಿಸಿದ್ದಾರೆ.

ಹಳೆಯ ಪೆಟ್ಟಿಗೆ ಹೇಳಿದ ತಾರೀಖಿಗೆ ಮುಚ್ಚಿತು. ಡಿಮಾರ್ಕ್ ಈಗ ‘ಕ್ವಾರಂಟೈನ್’ನಲ್ಲಿದೆ. ‘ರಿಜೆಕ್ಟ್’ಗೆ ಏರಿಸೋಣ ಎಂದು ಮಗ ಹೇಳುತ್ತಿರುತ್ತಾನೆ, ನಿವೃತ್ತ ನೌಕರರ ಸಂಘದ ಗುಂಪು ಮೇಲ್ ವಿಷಯದ ಸಾಲಿಗೆ ಸಂಘದ ಹೆಸರು ಸೇರಿಸಿ ಮುಂದೆ ಕಳಿಸುವುದರಿಂದ ಡಿಕಿಮ್ ಸಹಿ ಮುರಿಯುತ್ತದೆ, ಕಾಕಾ ಆ ಗುಂಪಿನಲ್ಲಿ ಬರೆದದ್ದು ಎಲ್ಲರಿಗೂ ಮುಟ್ಟದೆ ಹೋದೀತು, ಅದಕ್ಕೆ ತಡೆದಿದ್ದೇನೆ. ನೋಟ್‌ಬುಕ್ಕಿನಲ್ಲಿ ಟಿಕ್ ಬೀಳದೆ ಉಳಿದಿರುವುದು ಎರಡೇ ಸಾಲು: ಕಾಗದದಲ್ಲಷ್ಟೇ ಇರುವ ಒಂದು ಹಳೆಯ ಫಂಡಿನ ಫೋಲಿಯೋ, ಅಲ್ಲಿ ಮೌಶಿಯ ಸಹಿ ಹೊಂದುತ್ತಿಲ್ಲ ಎಂದು ಅರ್ಜಿ ವಾಪಸು ಬಂದಿದೆ, ಮತ್ತು ಅಡಿಗೆ ಗ್ಯಾಸಿನ ಏಜೆನ್ಸಿ, ಅವರು ಇಮೇಲ್ ಬದಲಾವಣೆಗೂ ಮೂಲ ಸಂಪರ್ಕದ ಪುಸ್ತಕ ತನ್ನಿ ಎನ್ನುತ್ತಿದ್ದಾರೆ.